‘ಸೆಟ್’ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಸಿಗುತ್ತಾ? ತಲೆ ಕೆಟ್ಟಿದೆ, ಸಹಾಯ ಮಾಡಿ

ಪದಹುಡುಕಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯ ಒಂದು ಯಂತ್ರದ ಜೊತೆ ಬರುವ ಕೈಪಿಡಿಯನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಕಂಪನಿ ಹೆಸರು ಬೇಡ. ಕೆಲಸದ ಜೊತೆ ಅವರು ಒಂದು ಪದಪಟ್ಟಿ ಕಳಿಸಿದ್ದಾರೆ. ಅದರಲ್ಲಿ ‘ಸೆಟ್’ ಎದುರಿಗೆ ಇರುವುದು ಒಂದೇ ಪದ: ‘ಹೊಂದಿಸಿ’. ಎಲ್ಲಾ ಕಡೆ ಇದನ್ನೇ ಬಳಸಬೇಕಂತೆ.

ಒಂದೇ ಪುಟದಲ್ಲಿ ಏನೇನಿದೆ ನೋಡಿ. ಜಾರನ್ನು ಯಂತ್ರದ ಮೇಲೆ ಸರಿಯಾಗಿ ಸೆಟ್ ಮಾಡಿ. ಟೈಮರ್ 10 ನಿಮಿಷಕ್ಕೆ ಸೆಟ್ ಮಾಡಿ. ರುಬ್ಬಿದ್ದನ್ನು ‘ಸೆಟ್ ಅಸೈಡ್’ ಮಾಡಿ. ಪುಡ್ಡಿಂಗನ್ನು ಫ್ರಿಜ್‌ನಲ್ಲಿಟ್ಟು ಸೆಟ್ ಆಗಲು ಬಿಡಿ. ಕೊನೆಗೆ, ಇದು 3 ಜಾರ್‌ಗಳ ಸೆಟ್.

ಅವರ ಪಟ್ಟಿಯಂತೆ ಬರೆದರೆ ‘ಬಟ್ಟಲನ್ನು ಪಕ್ಕಕ್ಕೆ ಹೊಂದಿಸಿ, ಪುಡ್ಡಿಂಗನ್ನು ಹೊಂದಿಸಲು ಬಿಡಿ’ ಅಂತಾಗುತ್ತದೆ. ಅಮ್ಮನಿಗೆ ಓದಿ ಹೇಳಿದೆ. ಬದನೆಕಾಯಿ ಹೆಚ್ಚುತ್ತಿದ್ದವರು ತಲೆ ಎತ್ತದೇ ಕೇಳಿದರು, "ಯಾರನ್ನ ಯಾರ ಜೊತೆ ಹೊಂದಿಸ್ಬೇಕಂತೆ? ಅಡುಗೆ ಪುಸ್ತಕಾನಾ, ಜಾತಕಾನಾ?"

ಎಲ್ಲಾ ಕಡೆ ಒಗ್ಗುವ ಒಂದು ಪದ ಇದೆಯಾ? ಇಲ್ಲ ಅಂದ್ರೆ, ಯಾಕಿಲ್ಲ ಅಂತ ಅವರಿಗೆ ಹೇಗೆ ಹೇಳಲಿ?

ಹಾಸ್ಟೆಲ್ ಹುಡುಗ

ಅಕ್ಕಾ, ‘ಸೆಟ್’ ಅಂತಲೇ ಬಿಟ್ಟುಬಿಡಿ. ಸೆಟ್ ಆಗುತ್ತೆ.

ನಿವೃತ್ತ ಮೇಷ್ಟ್ರು (ತುಮಕೂರು)

ಮೂವತ್ತು ವರ್ಷ ಹಳ್ಳಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು. ನಿಮ್ಮ ಕಷ್ಟ ಹೊಸದಲ್ಲಮ್ಮ. ಈ ಪದ ಘಟಾನುಘಟಿಗಳನ್ನೇ ಸುಸ್ತು ಮಾಡಿದೆ.

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ ಬಂದಿದ್ದು 1989ರಲ್ಲಿ, 20 ಸಂಪುಟ. ಅದರಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಈ ‘ಸೆಟ್’ ಕ್ರಿಯಾಪದದ್ದು. ಸುಮಾರು 60,000 ಪದಗಳ ವಿವರಣೆ. ಬರೀ ಕ್ರಿಯಾಪದಕ್ಕೇ 430ರಷ್ಟು ಅರ್ಥ. ‘ಸೆಟ್ ಅಪ್’, ‘ಸೆಟ್ ಆಫ್’ ಥರದ ಜೋಡಿಗಳನ್ನೂ ಸೇರಿಸಿದರೆ 580ರ ಹತ್ತಿರ. ಒಂದು ಸಣ್ಣ ಕಾದಂಬರಿಯಷ್ಟು ಬರಹ, ಅದೂ ಮೂರೇ ಅಕ್ಷರದ ಪದಕ್ಕೆ. ನಿಮ್ಮ ಕಂಪನಿಯವರು ಅದನ್ನು ಒಂದು ಪದದಲ್ಲಿ ಮುಗಿಸಿದ್ದಾರೆ. ಧೈರ್ಯ ಮೆಚ್ಚಬೇಕು.

ಈಗ ಆ ಪಟ್ಟ ಇದರ ಹತ್ತಿರ ಇಲ್ಲ. ಮೂರನೇ ಆವೃತ್ತಿಯ ಪರಿಷ್ಕರಣೆ ಎಮ್ ಅಕ್ಷರದಿಂದ ಶುರುವಾಯಿತು. 2000ದಲ್ಲಿ ‘ಮೇಕ್’ ಮುಂದೆ ಹೋಯಿತು, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’. ‘ರನ್’ ಕ್ರಿಯಾಪದಕ್ಕೆ 645 ಅರ್ಥ. ಅದನ್ನು ಬಿಡಿಸಿಟ್ಟ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಒಂದು ಪದಕ್ಕೆ ಒಂಬತ್ತು ತಿಂಗಳು! ನಿಮಗೆ ಗಡುವು ಎಷ್ಟಿದೆ?

ಪದಹುಡುಕಿ (ಮೈಸೂರು)

ಶುಕ್ರವಾರ, ಸರ್.

ಗದ್ದೆಗೌಡ (ಮಂಡ್ಯ)

ನಮ್ಮ ಕಡೆ ‘ಸೆಟ್ಟು’ ಅಂದ್ರೆ ಒಂದೇ. ಪಂಪ್‌ಸೆಟ್ಟು. "ಸೆಟ್ ಹಾಕ್ದಾ?" ಅಂದ್ರೆ ಮೋಟರ್ ಆನ್ ಮಾಡಿದ್ಯಾ ಅಂತ. "ಸೆಟ್ ಸುಟ್ಟೋಯ್ತು" ಅಂದ್ರೆ ಆ ತಿಂಗಳ ಲೆಕ್ಕಾಚಾರ ಎಲ್ಲಾ ಸುಟ್ಟೋಯ್ತು ಅಂತ. ಕರೆಂಟ್ ಕಚೇರಿಯವರು ನೀರಾವರಿ ಪಂಪ್‌ಸೆಟ್ಟಿಗೆ ‘ಐಪಿ ಸೆಟ್’ ಅಂತಾರೆ. 10 ಎಚ್‌ಪಿವರೆಗೆ ನಮ್ಮ ರಾಜ್ಯದಲ್ಲಿ ಬಿಲ್ ಇಲ್ಲ. ಹಾಗಾಗಿ ಯಾರ ಮನೆ ಪಂಪ್ ಎಷ್ಟು ಎಚ್‌ಪಿ ಅಂತ ಕೇಳಿದ್ರೆ ಎಲ್ಲರದ್ದೂ ಹತ್ತರ ಒಳಗೇ ಇರುತ್ತೆ 😀

ಮೋಟರ್ ಒಂದು, ಪಂಪ್ ಒಂದು, ಎರಡೂ ಸೇರಿದ್ದಕ್ಕೆ ಸೆಟ್ಟು. ಅದು ಸರಿ. ಆದ್ರೆ ಮೈಕ್‌ಸೆಟ್ಟು ಯಾಕೆ? ಟಿವಿ ಸೆಟ್ಟು ಯಾಕೆ? ಟಿವಿ ಒಂದೇ ತಾನೆ ಇರೋದು?

ನಿವೃತ್ತ ಮೇಷ್ಟ್ರು (ತುಮಕೂರು)

ಒಳ್ಳೆ ಪ್ರಶ್ನೆ ಗೌಡ್ರೇ. ಡಬ್ಬ ಒಂದೇ ಕಂಡರೂ ಒಳಗೆ ಹತ್ತಾರು ಭಾಗ ಜೋಡಿಸಿರುತ್ತಾರಲ್ಲ, ಆ ಜೋಡಣೆಗೆ ಸೆಟ್. ಮೊದಲು ರೇಡಿಯೋಗೆ ಅಂತಿದ್ದರು, ಆಮೇಲೆ ಟಿವಿಗೂ ಬಂತು. ಮೈಕ್‌ಸೆಟ್ಟಿನಲ್ಲಂತೂ ಮೈಕು, ಆಂಪ್ಲಿಫೈಯರ್, ಹಾರ್ನು, ವೈರಿನ ಸುರುಳಿ, ಜೊತೆಗೆ ಅದನ್ನು ಯಾರಿಗೂ ಮುಟ್ಟೋಕೆ ಬಿಡದ ಒಬ್ಬ ಹುಡುಗ, ಎಲ್ಲಾ ಸೇರಿ ಒಂದು ಸೆಟ್.

ಕರಿಕೋಟು

ಇಲ್ಲೊಂದು ತಮಾಷೆ ಇದೆ. ಅಡುಗೆಯಲ್ಲಿ ‘ಸೆಟ್ ಅಸೈಡ್’ ಅಂದ್ರೆ ಆಮೇಲೆ ಬೇಕಾಗುತ್ತೆ ಅಂತ ತೆಗೆದಿಡೋದು. ನಮ್ಮಲ್ಲಿ ಪೂರ್ತಿ ಉಲ್ಟಾ. ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿತು ಅಂದ್ರೆ ರದ್ದು. ಕಥೆ ಮುಗಿಯಿತು. ಹೊಸದಾಗಿ ಸೇರಿದ ಅನುವಾದಕರೊಬ್ಬರು ಇದನ್ನು ‘ತೀರ್ಪನ್ನು ಪಕ್ಕಕ್ಕೆ ಇರಿಸಲಾಗಿದೆ’ ಅಂತ ಬರೆದಿದ್ದರು. ಕಕ್ಷಿದಾರರು ಬಂದು, "ಸ್ವಾಮಿ, ಪಕ್ಕಕ್ಕೆ ಇಟ್ಟವರೆ, ಮತ್ತೆ ಯಾವಾಗ ತಗೀತಾರೆ?" ಅಂತ ಕೇಳಿದರು. ಗೆದ್ದಿದ್ದೇನೆ ಅಂತ ಅವರಿಗೆ ಗೊತ್ತೇ ಆಗಿರಲಿಲ್ಲ.

‘ಸೆಟ್ ಆಫ್’ ಇನ್ನೂ ಮಜಾ. ಮನೆಯಿಂದ ‘ಸೆಟ್ ಆಫ್’ ಆದರೆ ಹೊರಟರು. ಪಟಾಕಿ ‘ಸೆಟ್ ಆಫ್’ ಮಾಡಿದರೆ ಹಚ್ಚಿದರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದು ಲೆಕ್ಕ ವಜಾ ಮಾಡಿಕೊಳ್ಳೋದು. ನೀನು ನನಗೆ ಕೊಡಬೇಕಾದ್ದನ್ನು ನಾನು ನಿನಗೆ ಕೊಡಬೇಕಾದ್ದರಲ್ಲಿ ಕಳೀತೀನಿ ಅಂತ. ಕ್ರಿಮಿನಲ್ ಕೇಸಿನಲ್ಲಿ, ವಿಚಾರಣೆ ನಡೆಯುವಾಗ ಜೈಲಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯೋದು. ಎಲ್ಲಾ ಒಂದೇ ಪದ.

ಬಾಸ್ಟನ್ ಭಟ್ಟ

ಅಮೆರಿಕಕ್ಕೆ ಬಂದ ಮೊದಲ ವಾರ. ದಿನಸಿ ಅಂಗಡಿ, ಕೌಂಟರ್ ಹತ್ತಿರ ನಿಂತಿದ್ದೀನಿ. ಕಾರ್ಡ್ ಉಜ್ಜಿದೆ. ಆಕೆ ನಗುತ್ತಾ, "ಯು ಆರ್ ಆಲ್ ಸೆಟ್" ಅಂದರು. ನಾನು ನಗುತ್ತಾ ನಿಂತೆ. ಅವರೂ ನಕ್ಕರು. ಮತ್ತೆ "ಯು ಆರ್ ಆಲ್ ಸೆಟ್" ಅಂದರು. ನಾನು, "ಯೆಸ್, ಥ್ಯಾಂಕ್ ಯು" ಅಂದು ಅಲ್ಲೇ ನಿಂತೆ. ಹಿಂದೆ ಸಾಲು ಬೆಳೀತಿದೆ. ಆಕೆ ಏನೋ ಕೊಡ್ತಾರೆ, ರಸೀದಿನೋ ಚಿಲ್ಲರೆನೋ, ಅಂತ ನಾನು ಕಾಯ್ತಿದ್ದೆ. ‘ಆಯ್ತಪ್ಪ, ಹೊರಡು’ ಅಂತ ಅದರ ಅರ್ಥ ಅಂತ ಹಿಂದಿದ್ದ ಅಜ್ಜನ ಮುಖ ನೋಡಿ ಗೊತ್ತಾಯ್ತು.

ಇಲ್ಲಿ ಇದು ಎಲ್ಲಾ ಕಡೆ ಇದೆ. ಹೋಟೆಲಲ್ಲಿ "ಆಲ್ ಸೆಟ್?" ಅಂದ್ರೆ ತಿಂದಾಯ್ತಾ, ತಟ್ಟೆ ತೆಗೀಲಾ ಅಂತ. ಇನ್ನೂ ಸ್ವಲ್ಪ ಬೇಕಾ ಅಂತ ಕೇಳಿದರೆ "ಐ ಆಮ್ ಆಲ್ ಸೆಟ್" ಅನ್ನಿ, ಸಾಕು ಬೇಡ ಅಂತ. ನಮ್ಮ ‘ಆಯ್ತು’ ಇದ್ದ ಹಾಗೆ. ‘ಆಯ್ತಾ?’ ‘ಆಯ್ತು.’

ಹಾಸ್ಟೆಲ್ ಹುಡುಗ

ನಮ್ಮ ‘ಸೆಟ್ ಆಯ್ತು’ ಹಾಗಾದ್ರೆ ಅದೇನಾ?

ಬಾಸ್ಟನ್ ಭಟ್ಟ

ಅಲ್ಲ ಕಣೋ, ಅದು ಬೇರೆ. ಮೀಟಿಂಗಲ್ಲಿ ಒಮ್ಮೆ ‘ಆ ಟೈಮ್ ನನಗೆ ಸೆಟ್ ಆಗಲ್ಲ’ ಅನ್ನೋದನ್ನ ಹಾಗೇ ಇಂಗ್ಲಿಷಲ್ಲಿ ಹೇಳಿಬಿಟ್ಟೆ. ಯಾರಿಗೂ ಅರ್ಥ ಆಗಲಿಲ್ಲ. ನಾವು ‘ಈ ಬಣ್ಣ ನಿನಗೆ ಸೆಟ್ ಆಗುತ್ತೆ’, ‘ಆ ಊರಿನ ನೀರು ಸೆಟ್ ಆಗಲಿಲ್ಲ’, ‘ಅವರಿಬ್ಬರೂ ಸೆಟ್ ಆದ್ರು’ ಅಂತೀವಲ್ಲ, ಈ ‘ಸೆಟ್ ಆಗು’ ನಾವೇ ಮಾಡಿಕೊಂಡಿದ್ದು. ಒಗ್ಗು, ಒಪ್ಪು, ಹೊಂದು, ಈ ಮೂರೂ ಕೆಲಸ ಅದೊಂದೇ ಮಾಡುತ್ತೆ. ಇಂಗ್ಲಿಷಿನ 430ಕ್ಕೆ ನಾವು ಇನ್ನೊಂದು ಸೇರಿಸಿದ್ದೀವಿ ಅನ್ನಿ.

ನಿವೃತ್ತ ಮೇಷ್ಟ್ರು (ತುಮಕೂರು)

ಹಾಗೆ ಸೇರಿಸಿದ್ದು ಇನ್ನೊಂದಿದೆ: ‘ಸೆಟ್ಟೇರು’. ಸಿನಿಮಾ ಪುಟದಲ್ಲಿ ದಿನಾ ಓದುತ್ತೀರಿ, ‘ಹೊಸ ಚಿತ್ರ ಸೆಟ್ಟೇರಿತು’. ಶೂಟಿಂಗ್ ಶುರುವಾಯಿತು ಅಂತ. ಇಂಗ್ಲಿಷಿನಲ್ಲಿ ಸಿನಿಮಾ ಎಲ್ಲಿಗೂ ಏರುವುದಿಲ್ಲ. ನಾವು ಗದ್ದುಗೆ ಏರುವವರು, ಪಟ್ಟ ಏರುವವರು, ಹಸೆಮಣೆ ಏರುವವರು. ಹಾಗಾಗಿ ಚಿತ್ರವನ್ನೂ ಸೆಟ್ಟಿಗೆ ಏರಿಸಿದ್ದೇವೆ. ಯಾರು ಮೊದಲು ಬರೆದರೋ, ಅವರ ಕೈಗೆ ಬಂಗಾರದ ಕಡಗ ಹಾಕಬೇಕು.

ಸೈಟ್ ಇಂಜಿನಿಯರ್ (ಹಾಸನ)

ಪುಡ್ಡಿಂಗ್ ಸೆಟ್ ಆಗೋದು ಅಂದ್ರಲ್ಲ. ನನ್ನ ಕೆಲಸದಲ್ಲಿ ಸೆಟ್ ಆಗೋದು ಸಿಮೆಂಟ್. ಇದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಹೇಳಿಬಿಡ್ತೀನಿ.

ಜನ ‘ಸಿಮೆಂಟ್ ಒಣಗಿತು’ ಅಂತಾರೆ. ಸಿಮೆಂಟ್ ಒಣಗಿ ಗಟ್ಟಿಯಾಗಲ್ಲ. ನೀರಿನ ಜೊತೆ ಸೇರಿ ರಾಸಾಯನಿಕ ಕ್ರಿಯೆ ಆಗಿ ಬಿಗಿಯುತ್ತೆ. ನೀರು ಬೇಗ ಆರಿಹೋದ್ರೆ ಅದು ಕೆಟ್ಟಂತೆಯೇ. ಅದಕ್ಕೇ ಮೇಲೆ ನೀರು ಹಾಯಿಸ್ತಾ ಕ್ಯೂರಿಂಗ್ ಮಾಡೋದು. ಮಾಮೂಲಿ ಸಿಮೆಂಟ್ ನೀರು ಬಿದ್ದ 30 ನಿಮಿಷದ ಒಳಗೆ ಸೆಟ್ ಆಗೋಕೆ ಶುರು ಆಗಬಾರದು, 600 ನಿಮಿಷದ ಒಳಗೆ ಸೆಟ್ ಆಗಿ ಮುಗಿದಿರಬೇಕು ಅಂತ ಭಾರತೀಯ ಮಾನಕ ಹೇಳುತ್ತೆ. ಬೇಗ ಬಿಗಿದುಕೊಳ್ಳದಿರಲಿ ಅಂತಲೇ ಕಾರ್ಖಾನೆಯಲ್ಲಿ ಸ್ವಲ್ಪ ಜಿಪ್ಸಮ್ ಸೇರಿಸಿ ಅರೆದಿರ್ತಾರೆ.

ಒಂದು ಸಲ ಮಿಕ್ಸರ್ ಕೆಟ್ಟು, ಕಲಸಿದ ಕಾಂಕ್ರೀಟ್ ಬಿಸಿಲಲ್ಲಿ ಹಾಗೇ ಕೂತಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದ ಮೇಸ್ತ್ರಿ ಕರಣೆ ತುದಿಯಿಂದ ಒಂದು ಸಲ ಚುಚ್ಚಿ ನೋಡಿ, "ಸಾರ್, ಇದು ಸೆಟ್ ಹಿಡ್ದೈತೆ. ಬಿಟ್ಬುಡಿ" ಅಂದ. ನಾನು ಇನ್ನಷ್ಟು ನೀರು ಹಾಕಿ ಕಲಸೋಣ ಅಂದೆ. ಅವನು ನನ್ನನ್ನ ನೋಡಿದ ನೋಟ ಇದೆಯಲ್ಲ, ನಾಲ್ಕು ವರ್ಷದ ಡಿಗ್ರಿ ಅಲ್ಲೇ ಕರಗಿಹೋಯ್ತು.

ಹಾಗೆ ನೋಡಿದ್ರೆ ಮೇಸ್ತ್ರಿಗಳ ‘ಹಿಡಿ’ ಒಳ್ಳೆ ಪದ. ‘ಸೆಟ್ ಹಿಡಿಯಿತು’. ಅಥವಾ ಸುಮ್ನೆ ‘ಹಿಡಿಯಿತು’.

ಗದ್ದೆಗೌಡ (ಮಂಡ್ಯ)

ಹೊಲದಲ್ಲೂ ಇದೆ. ಕೃಷಿ ಇಲಾಖೆಯವರು ಬಂದಾಗ ‘ಫ್ರೂಟ್ ಸೆಟ್’ ಅಂತಾರೆ. ಹೂ ಉದುರಿ ಕಾಯಿ ನಿಲ್ಲೋದು. ನಾವು ‘ಕಾಯಿ ಕಚ್ಚಿದೆ’ ಅಂತೀವಿ. ಮಾವಿನ ಹೂ ನೋಡಿ ಯಾರೂ ಖುಷಿ ಪಡಲ್ಲ ನಮ್ಮಲ್ಲಿ. ಮಂಜು ಬಿದ್ರೆ ಹೋಯ್ತು. ಕಾಯಿ ಕಚ್ಚಿದ ಮೇಲೇ ಬಾಯಿ ಬಿಡೋದು.

ಇನ್ನೊಂದು, ಕಬ್ಬು ನೆಡುವ ತುಂಡಿಗೂ ಅವರು ‘ಸೆಟ್ಸ್’ ಅಂತಾರೆ. ನಾವು ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಅಂತೀವಿ. ಈರುಳ್ಳಿ ಸಣ್ಣ ಗೆಡ್ಡೆಗೂ ಸೆಟ್ಸೇ. ಹಾಗಾದ್ರೆ ನಾನು ಸೆಟ್ ನೆಟ್ಟು, ಅದಕ್ಕೆ ಸೆಟ್ ಹಾಕಿ, ನೀರು ಬಿಡ್ತಾ ಇದ್ದೀನಿ.

ನಿವೃತ್ತ ಮೇಷ್ಟ್ರು (ತುಮಕೂರು)

ಆ ಕಬ್ಬಿನ ಸೆಟ್‌ಗೆ ಇಂಗ್ಲಿಷಿನಲ್ಲಿ ಟಿ ಎರಡು ಹಾಕುವ ರೂಢಿಯೂ ಇದೆ. ಇಂಗ್ಲೆಂಡಿನಲ್ಲಿ ಬ್ಯಾಡ್ಜರ್ ಅನ್ನುವ ಪ್ರಾಣಿ ತೋಡಿದ ಬಿಲಕ್ಕೂ, ರಸ್ತೆಗೆ ಹಾಸುವ ಚೌಕದ ಕಲ್ಲಿಗೂ ಎರಡು ಟಿ ಹಾಕಿ ಬರೆಯುತ್ತಾರೆ. ನಾವು ಎಲ್ಲದಕ್ಕೂ ‘ಸೆಟ್ಟು’ ಅಂದು ಮೊದಲಿಂದ ಎರಡು ಟಿ ಹಾಕಿಕೊಂಡೇ ಬಂದಿದ್ದೇವೆ ಬಿಡಿ.

ಮೊಳೆಜೋಡಿ (ಗದಗ)

ನಮ್ಮದು ಮುದ್ರಣದ ಮನೆತನ. ಗದಗ ಅಂದ್ರೆ ಪ್ರೆಸ್ಸುಗಳ ಊರು, ಗೊತ್ತಲ್ಲ. ಅಪ್ಪ ಮೊಳೆ ಜೋಡಿಸುತ್ತಿದ್ದರು. ಒಂದೊಂದೇ ಅಕ್ಷರದ ಮೊಳೆ ಎತ್ತಿ, ಉಲ್ಟಾ ಓದುತ್ತಾ ಸಾಲು ಕಟ್ಟುವ ಕೆಲಸ. ಕನ್ನಡದಲ್ಲಿ ಒತ್ತಕ್ಷರ ಬೇರೆ ಮೊಳೆ, ಹಾಗಾಗಿ ಗೂಡುಗಳು ಜಾಸ್ತಿ. ಇಂಗ್ಲಿಷಿನವರು ಇದಕ್ಕೂ ‘ಟೈಪ್ ಸೆಟ್’ ಮಾಡೋದು ಅಂತಾರೆ. ಅಪ್ಪ ಯಾವತ್ತೂ ಆ ಪದ ಆಡಲಿಲ್ಲ. ‘ಕಂಪೋಜ್’ ಅಂತಿದ್ದರು.

ಆಮೇಲೆ ‘ಆಫ್‌ಸೆಟ್’ ಬಂತು. ಈಗ ಊರಿಗೊಂದು ಆಫ್‌ಸೆಟ್ ಪ್ರಿಂಟರ್ಸ್ ಇದೆ. ಯಾಕೆ ಆ ಹೆಸರು ಅಂತ ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ಮೊಳೆ ನೇರವಾಗಿ ಕಾಗದಕ್ಕೆ ಒತ್ತುತ್ತಿತ್ತು. ಇದರಲ್ಲಿ ಪ್ಲೇಟಿನ ಮೇಲಿನ ಶಾಯಿ ಮೊದಲು ರಬ್ಬರ್ ಹಾಳೆಗೆ ಹೋಗುತ್ತೆ, ರಬ್ಬರಿನಿಂದ ಕಾಗದಕ್ಕೆ. ಹೀಗೆ ಒಂದು ಕಡೆಯಿಂದ ಇನ್ನೊಂದಕ್ಕೆ ದಾಟಿ ಮೂಡೋದಕ್ಕೇ ಆಫ್‌ಸೆಟ್. ಹಾಗಾಗಿ ಪ್ಲೇಟಲ್ಲಿ ಅಕ್ಷರ ನೆಟ್ಟಗೇ ಇರುತ್ತೆ. ಅಪ್ಪನ ಉಲ್ಟಾ ಓದುವ ವಿದ್ಯೆ ಅಲ್ಲಿಗೆ ನಿಂತುಹೋಯ್ತು.

ಪದಹುಡುಕಿ (ಮೈಸೂರು)

ಎಲ್ಲರಿಗೂ ಧನ್ಯವಾದ, ಓದಿ ಖುಷಿಯಾಯ್ತು. ಆದರೆ ಗಂಟು ಇನ್ನೂ ಜಾಸ್ತಿ ಆಯ್ತಲ್ಲ 😭 ಮೇಷ್ಟ್ರೇ, ಒಂದು ಪದ ಇಷ್ಟು ಕಡೆ ಹೋಗೋದು ಹೇಗೆ? ಬುಡದಲ್ಲಿ ಒಂದು ಅರ್ಥ ಇರಬೇಕಲ್ವಾ?

ನಿವೃತ್ತ ಮೇಷ್ಟ್ರು (ತುಮಕೂರು)

ಇದೆ. ಅದೂ ಕನ್ನಡದವರಿಗೆ ಥಟ್ಟನೆ ಹೊಳೆಯುವಂಥದ್ದು.

ನಮ್ಮಲ್ಲಿ ‘ಕೂರು’ ಇದೆ, ‘ಕೂರಿಸು’ ಇದೆ. ‘ಇಸು’ ಹಚ್ಚಿದರೆ ಬೇರೆಯವರಿಂದ ಮಾಡಿಸೋದು. ಹಳೆಯ ಇಂಗ್ಲಿಷಿನಲ್ಲೂ ಹೀಗೊಂದು ಏರ್ಪಾಡು ಇತ್ತು. ಅವರು ಬಾಲ ಹಚ್ಚಿದ್ದು ಸವೆದುಹೋಗಿ ಈಗ ಸ್ವರ ಮಾತ್ರ ಬದಲಾದಂತೆ ಕಾಣುತ್ತೆ. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ‘ಲೈ’ ಮಲಗು, ‘ಲೇ’ ಮಲಗಿಸು. ‘ಫಾಲ್’ ಬೀಳು, ಮರ ‘ಫೆಲ್’ ಮಾಡೋದು ಅಂದರೆ ಬೀಳಿಸು. ‘ಡ್ರಿಂಕ್’ ಕುಡಿ, ‘ಡ್ರೆಂಚ್’ ಮೊದಲಿಗೆ ಕುಡಿಸು ಅಂತಲೇ ಇತ್ತು.

ಈಗ ‘ಸೆಟ್’ ಇದ್ದಲ್ಲಿ ‘ಕೂರಿಸು’ ಹಾಕಿ ನೋಡಿ. ಉಂಗುರಕ್ಕೆ ಹರಳು ಕೂರಿಸುತ್ತೇವೆ. ಮುರಿದ ಮೂಳೆ ಕೂರಿಸುತ್ತೇವೆ. ಬಾಗಿಲು, ಮೋಟರು ಕೂರಿಸುತ್ತೇವೆ. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಬರುತ್ತೆ.

ಪದಹುಡುಕಿ (ಮೈಸೂರು)

ಜಾರ್ ಕೂರಿಸಿ! ಯಂತ್ರದ ಮೇಲೆ ಜಾರ್ ಸರಿಯಾಗಿ ಕೂರಿಸಿ! ಅಮ್ಮ ದಿನಾ ಅನ್ನೋದು ಅದನ್ನೇ. "ಸರಿಯಾಗಿ ಕೂತಿಲ್ಲ ಕಣೇ, ಅದಕ್ಕೇ ತಿರುಗ್ತಿಲ್ಲ." ಮೂರು ದಿನದಿಂದ ನನ್ನ ತಲೆಗೆ ಹೊಳೆದಿರಲಿಲ್ಲ.

ಪಡುವಣ ಗಾಳಿ (ಮೂಡುಬಿದಿರೆ)

ಮೇಷ್ಟ್ರೇ, ಒಂದು ತಕರಾರು. ಸೂರ್ಯ ‘ಸೆಟ್’ ಆಗ್ತಾನಲ್ಲ, ಅವನನ್ನ ಯಾರು ಕೂರಿಸಿದ್ರು? ನಾವು ಹಾಗೆ ಹೇಳೋದೇ ಇಲ್ಲ. ಸೂರ್ಯ ಮುಳುಗ್ತಾನೆ, ಕಂತುತ್ತಾನೆ. ಹಳೆಯ ಪದ ‘ಪಡು’. ಪಡುವ ದಿಕ್ಕು ಪಡುವಣ, ಮೂಡುವ ದಿಕ್ಕು ಮೂಡಣ. ನಮ್ಮೂರು ಮೂಡುಬಿದಿರೆ, ಸಮುದ್ರದ ಕಡೆ ಪಡುಬಿದ್ರಿ. ಆಗುಂಬೆಗೆ ಹೋದರೆ ಮಾತ್ರ ಎಲ್ಲರೂ ‘ಸನ್‌ಸೆಟ್ ಪಾಯಿಂಟ್’ ಅಂತಾರೆ, ಮೋಡ ಕವಿದಿದ್ರೂ ನಿಂತು ಫೋಟೋ ತೆಗೀತಾರೆ.

ನನ್ನ ಪ್ರಕಾರ ‘ಸೆಟ್’ಗೆ ಹತ್ತಿರದ ಪದ ‘ಕೂರಿಸು’ ಅಲ್ಲ, ‘ಇಡು’. ಹೆಜ್ಜೆ ಇಡು, ಬೆಂಕಿ ಇಡು, ಬೋನು ಇಡು, ಗುರಿ ಇಡು, ಮುಹೂರ್ತ ಇಡು, ಅಲಾರಂ ಇಡು. ಒಂದೊಂದಕ್ಕೂ ಇಂಗ್ಲಿಷಲ್ಲಿ ‘ಸೆಟ್’ ಹಾಕಬಹುದು. ಟೈಮರಿಗೆ ‘ಕೂರಿಸಿ’ ಅನ್ನೋಕಾಗುತ್ತಾ?

ನಿವೃತ್ತ ಮೇಷ್ಟ್ರು (ತುಮಕೂರು)

ಒಪ್ಪಿದೆ. ‘ಇಡು’ ಪಟ್ಟಿ ನನ್ನದಕ್ಕಿಂತ ಚೆನ್ನಾಗಿದೆ. ಸೂರ್ಯನ ವಿಷಯದಲ್ಲೂ ನೀವು ಹೇಳಿದ್ದು ಸರಿ, ಅಲ್ಲಿ ಅದು ಕೂರಿಸೋದಲ್ಲ, ತಾನೇ ಕೆಳಗೆ ಇಳಿದು ಕೂರೋದು. ಆದರೆ ಬುಡ ಮಾತ್ರ ‘ಕೂರಿಸು’ವೇ.

ಬುಡದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ಆ ‘ಸಿಟ್’, ‘ಸೆಟ್’ಗಳ ಮೂಲಕ್ಕೆ ಸಂಸ್ಕೃತದಲ್ಲೊಬ್ಬ ದಾಯಾದಿ ಇದ್ದಾನೆ: ‘ಸದ್’, ಅಂದರೆ ಕೂರು. ಅದರಿಂದ ಸದನ, ಸದಸ್ಯ, ಸಂಸತ್ತು, ಉಪನಿಷತ್ತು, ಪರಿಷತ್ತು. ಸುತ್ತ ಕೂತವರು ಪರಿಷತ್ತು. ಹತ್ತಿರ ಕೂತು ಕಲಿತದ್ದು ಉಪನಿಷತ್ತು ಅಂತ ಸಾಮಾನ್ಯವಾಗಿ ಬಿಡಿಸುತ್ತಾರೆ.

ಹಾಸ್ಟೆಲ್ ಹುಡುಗ

ಅಂದ್ರೆ ಸೆಟ್ ಸಂಸ್ಕೃತದಿಂದ ಹೋಗಿದ್ದಾ?? ಎಲ್ಲಾ ಗ್ರೂಪಿಗೂ ಹಾಕ್ತೀನಿ.

ನಿವೃತ್ತ ಮೇಷ್ಟ್ರು (ತುಮಕೂರು)

ಹಾಕಬೇಡಪ್ಪ. ಹೋಗಿಲ್ಲ, ಬಂದೂ ಇಲ್ಲ. ಇಬ್ಬರಿಗೂ ಒಬ್ಬಳು ಮುತ್ತಜ್ಜಿ. ಅಲ್ಲಿಂದ ಒಂದು ಕವಲು ಇಲ್ಲಿಗೆ, ಒಂದು ಅಲ್ಲಿಗೆ. ಲ್ಯಾಟಿನ್ ಕವಲಿನಿಂದ ‘ಸೆಷನ್’ ಬಂದಿದ್ದು, ಅದೂ ಕೂರುವುದೇ. ಕನ್ನಡದ ಕೂರು ಆ ಮನೆಯದ್ದಲ್ಲ. ಅದು ದ್ರಾವಿಡ.

ಸೈಟ್ ಇಂಜಿನಿಯರ್ (ಹಾಸನ)

ಹಾಗಾದ್ರೆ ನಮ್ಮ ‘ಸೆಟೆ’? ಸೆಟೆದು ನಿಂತ, ಕೈಕಾಲು ಸೆಟೆದುಕೊಂಡಿತು. ಸಿಮೆಂಟ್ ಸೆಟ್ ಆಗೋದೂ ಅದೇ ಅಲ್ವಾ, ಮೆತ್ತಗಿದ್ದದ್ದು ಬಿರುಸಾಗೋದು? ಇಂಗ್ಲಿಷಿನವರು ನಮ್ಮಿಂದ ಕದ್ದಿರಬಹುದು.

ನಿವೃತ್ತ ಮೇಷ್ಟ್ರು (ತುಮಕೂರು)

ಆಸೆಗೇನು. ಕಾಕತಾಳೀಯ, ಅಷ್ಟೇ. ಆದರೆ ‘ಕಾಂಕ್ರೀಟ್ ಸೆಟೆಯಿತು’ ಅಂತ ಬರೆದರೆ ನಾನಂತೂ ತಪ್ಪು ಹಾಕುವುದಿಲ್ಲ. ಪೂರ್ತಿ ಅಂಕ.

ಕರಿಕೋಟು

ಕೂರಿಸು, ಇಡು ಎರಡೂ ಒಪ್ಪಿದೆ. ಆದ್ರೆ ‘3 ಜಾರ್‌ಗಳ ಸೆಟ್’? ಸೋಫಾ ಸೆಟ್, ಬ್ಯಾಂಡ್ ಸೆಟ್, ಅಜ್ಜನ ಹಲ್ಲು ಸೆಟ್? ಇಲ್ಲಿ ಕೂರಿಸೋದು ಎಲ್ಲಿ ಬಂತು?

ನಿವೃತ್ತ ಮೇಷ್ಟ್ರು (ತುಮಕೂರು)

ವಕೀಲರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಗುಂಪು ಅನ್ನುವ ಸೆಟ್ ಹುಟ್ಟಿನಿಂದ ಬೇರೆ ಪದ. ಅದು ಹಳೆಯ ಫ್ರೆಂಚಿನಿಂದ ಬಂದದ್ದು, ಅದರ ಹಿಂದೆ ಲ್ಯಾಟಿನ್ನಿನ ‘ಸೆಕ್ಟ’. ಒಬ್ಬರ ಹಿಂದೆ ನಡೆಯುವವರ ಗುಂಪು, ಪಂಥ ಅಂತ. ‘ಹಿಂಬಾಲಿಸು’ ಅನ್ನುವ ಧಾತುವಿನಿಂದ ಹುಟ್ಟಿದ್ದು. ಎರಡು ಬೇರೆ ಬೇರೆ ಪದಗಳು ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಕ್ಕೆ ಬಂದು, ಬೆರೆತು, ಈಗ ಯಾವ ಅರ್ಥ ಯಾರದ್ದು ಅಂತ ಬಿಡಿಸುವುದೇ ಕಷ್ಟ.

ಆ ‘ಹಿಂಬಾಲಿಸು’ ಧಾತುವಿಗೂ ಸಂಸ್ಕೃತದಲ್ಲಿ ದಾಯಾದಿ ಇದೆ: ‘ಸಚ್’, ಜೊತೆಗೆ ಹೋಗು. ಅದರಿಂದ ಬಂದ ಪದ ‘ಸಚಿವ’. ಜೊತೆಗಾರ ಅಂತ ಅರ್ಥ.

ಅಂದರೆ ಒಂದು ‘ಸೆಟ್ಟಿ’ನ ನೆಂಟರು ಸಂಸತ್ತಿನಲ್ಲಿ ಕೂತಿದ್ದಾರೆ, ಇನ್ನೊಂದರ ನೆಂಟ ಸಚಿವ.

ಬಾಸ್ಟನ್ ಭಟ್ಟ

ಮೇಷ್ಟ್ರೇ ಕಾಲು ಎಲ್ಲಿದೆ, ಉದ್ದಂಡ ಬಿದ್ದೆ.

ಹಾಸ್ಟೆಲ್ ಹುಡುಗ

ಗಣಿತದ ಸೆಟ್ ಯಾವ ಕಡೆಯವನು? ನಾವು ಕನ್ನಡ ಮೀಡಿಯಂನಲ್ಲಿ ‘ಗಣ’ ಅಂತ ಓದಿದ್ವಿ. ಆಮೇಲೆ ಪಿಯುಸಿಗೆ ಬಂದು ‘ಸೆಟ್’ ಅಂದಾಗ ದೋಸೆ ನೆನಪಾಗಿ ಕ್ಲಾಸಲ್ಲಿ ನಕ್ಕು ಹೊರಗೆ ನಿಂತಿದ್ದೆ.

ನಿವೃತ್ತ ಮೇಷ್ಟ್ರು (ತುಮಕೂರು)

ಗುಂಪಿನ ಕಡೆಯವನು. ಗಣಿತಜ್ಞ ಜಾರ್ಜ್ ಕ್ಯಾಂಟರ್ ಜರ್ಮನ್ನಿನಲ್ಲಿ ‘ಮೆಂಗೆ’ ಅಂದ, ಇಂಗ್ಲಿಷಿನವರು ಸೆಟ್ ಅಂದರು, ನಮ್ಮವರು ಗಣ ಅಂದರು. ಗಣ ಚೆನ್ನಾದ ಪದ. ಛಂದಸ್ಸಿನಲ್ಲೂ ಇದೆ, ಶಿವನ ಹಿಂದೆಯೂ ಇದೆ.

ಗದ್ದೆಗೌಡ (ಮಂಡ್ಯ)

ಹಾಗಾದ್ರೆ ಗಣಪತಿ ಅಂದ್ರೆ ಸೆಟ್ಟುಗಳ ಯಜಮಾನ. ಅವನನ್ನೇ ನಾವು ಪ್ರತಿ ವರ್ಷ ಕೂರಿಸೋದು. ಅಂದ್ರೆ ಸೆಟ್ಟಿನ ಯಜಮಾನನ್ನೇ ಸೆಟ್ ಮಾಡ್ತೀವಿ. ಅದಕ್ಕೊಂದು ಮೈಕ್‌ಸೆಟ್ಟು.

ಸೈಟ್ ಇಂಜಿನಿಯರ್ (ಹಾಸನ)

😂😂 ಗೌಡ್ರೇ, ಬೀದಿಗೆ ಅಡ್ಡ ಪೆಂಡಾಲ್ ಹಾಕಿದ್ರೆ ‘ಸೆಟ್‌ಬ್ಯಾಕ್’, ಅಂದ್ರೆ ರಸ್ತೆ ಕಡೆ ಖಾಲಿ ಜಾಗ, ಬಿಡೋದು ಮರೀಬೇಡಿ.

ಪದಹುಡುಕಿ (ಮೈಸೂರು)

ದೋಸೆ ಅಂದಿರಲ್ಲ, ಸೆಟ್ ದೋಸೆಯ ಸೆಟ್ ಯಾವುದು?

ಕರಿಕೋಟು

ಗುಂಪಿಂದು. ಎರಡೋ ಮೂರೋ ಸೇರಿ ಒಂದು ಸೆಟ್. ನಮ್ಮ ಕೋರ್ಟ್ ಹಿಂದಿನ ಹೋಟೆಲಲ್ಲಿ ಒಬ್ಬರು ಹಿರಿಯ ವಕೀಲರು ದಿನಾ, "ಒಂದೇ ಸೆಟ್ ದೋಸೆ ಕೊಡಪ್ಪ" ಅಂತಾರೆ. ಮಾಣಿ ದಿನಾ ಕೇಳ್ತಾನೆ, "ಒಂದು ಸೆಟ್ಟಾ ಸಾರ್, ಒಂದು ದೋಸೇನಾ?" ಅವರು ಒಂದೇ ದೋಸೆ ಅಂತಾರೆ. ಅವನು ಒಳಗೆ ಕೂಗ್ತಾನೆ, "ಸೆಟ್ಟಲ್ಲಿ ಒಂದ್!" ಒಂದೇ ಇದ್ದ ಮೇಲೆ ಅದು ಸೆಟ್ ಹೇಗಾಗುತ್ತೆ ಅಂತ ನಾವು ಇಪ್ಪತ್ತು ನಿಮಿಷ ವಾದ ಮಾಡಿದ್ದೀವಿ. ಅದಕ್ಕೆ ಗಟ್ಟಿ ಚಟ್ನಿ ಸಾಕ್ಷಿ.

ಹಾಸ್ಟೆಲ್ ಹುಡುಗ

ಗಣಿತದಲ್ಲಿ ಒಂದೇ ಇದ್ರೂ ಸೆಟ್ ಆಗುತ್ತೆ ಸರ್. ಏನೂ ಇಲ್ದಿದ್ರೂ ಆಗುತ್ತೆ, ಶೂನ್ಯ ಗಣ.

ಕರಿಕೋಟು

ಶೂನ್ಯ ಸೆಟ್ ದೋಸೆಗೂ ಬಿಲ್ ಕೊಡ್ತಾನಾ ಕೇಳ್ತೀನಿ.

ಧಾರವಾಡದಾಕಿ

ತಡವಾಗಿ ಬಂದೆ, ಪೂರ್ತಿ ಓದಿದೆ. ಮೇಷ್ಟ್ರು ಹೇಳಿದ್ದರಲ್ಲಿ ಒಂದು ಮಾತು ತಲೆಯೊಳಗೆ ಕೂತುಬಿಟ್ಟಿದೆ. ಇಂಗ್ಲಿಷಿನಲ್ಲಿ ಕೂರಿಸುವ ಸೆಟ್ ಬೇರೆ, ಗುಂಪಿನ ಸೆಟ್ ಬೇರೆ, ಎರಡೂ ಬೆರೆತವು ಅಂದಿರಿ.

ನಮ್ಮ ಕಡೆ ಮನೆಗೆ ಬಂದವರಿಗೆ "ಬರ್ರಿ, ಕೂಡ್ರಿ" ಅಂತೇವೆ. ಕೂರಿ ಅಂತ. ಕೂಸನ್ನ ತೊಡೆ ಮ್ಯಾಲ ಕೂಡಿಸ್ಕೋತೇವೆ. ಗಣಪತಿ ಕೂಡಿಸ್ತೇವೆ. ಕೆಲವರು ಕೂಡ್ರಿಸು, ಕುಂದ್ರಿಸು ಅಂತಾರೆ. ನಮ್ಮ ಮನೆಯಲ್ಲಿ ಕೂಡಿಸು. ಅದೇ ‘ಕೂಡಿಸು’ ಮಂದಿಯನ್ನ ಒಟ್ಟು ಮಾಡೋದಕ್ಕೂ ಬರುತ್ತೆ. ರೊಕ್ಕ ಕೂಡಿಸು, ಲೆಕ್ಕ ಕೂಡಿಸು, ಎಲುಬು ಕೂಡಿಸು. ಸಾಲಿಯೊಳಗೆ ಕೂಡಿಸೋ ಲೆಕ್ಕ, ಕಳೆಯೋ ಲೆಕ್ಕ.

ಅಂದ್ರೆ ಕೂರಿಸೋದು, ಗುಂಪು ಮಾಡೋದು, ಎರಡೂ ನಮ್ಮ ಬಾಯಲ್ಲಿ ಒಂದೇ ಪದ ಆಗಿದೆ. ಇಂಗ್ಲಿಷಿನ ಸೆಟ್ಟಿಗೆ ಆಗಿದ್ದೇ ನಮ್ಮ ಅಡುಗೆಮನೆಯಲ್ಲೂ ಆಗಿದೆಯಲ್ಲ, ಹೌದಿಲ್ಲೋ?

ನಿವೃತ್ತ ಮೇಷ್ಟ್ರು (ತುಮಕೂರು)

ತಾಯಿ, ನಾನು ಈಗ ಐದು ನಿಮಿಷ ಸುಮ್ಮನೆ ಕೂತಿದ್ದೆ.

ಹೌದು. ‘ಕೂಡ್ರು’ ಬಂದಿದ್ದು ‘ಕುಳ್ಳಿರು’ ಕಡೆಯಿಂದ. ‘ಕೂಡು’, ಸೇರು ಅನ್ನೋದು ಬೇರೆ ಪದ. ಬಾಯಲ್ಲಿ ಸವೆದು ಸವೆದು ಎರಡೂ ‘ಕೂಡಿಸು’ ಆಗಿವೆ. ಮೂವತ್ತು ವರ್ಷ ಪಾಠ ಮಾಡಿದರೂ ಈ ಹೋಲಿಕೆ ನನಗೆ ಕಂಡಿರಲಿಲ್ಲ. ತುಮಕೂರಿನವನಿಗೆ ಹೇಗೆ ಕಾಣಬೇಕು.

ಪಡುವಣ ಗಾಳಿ (ಮೂಡುಬಿದಿರೆ)

ಸರಿ, ‘ಇಡು’ ಸೋತಿತು. ಆದ್ರೆ ಟೈಮರ್ ಕೂಡಿಸಿ ಅಂದ್ರೆ ಮೈಸೂರಿನವರು ಎರಡು ಟೈಮರ್ ತಂದು ಕೂಡಿಸ್ತಾರೆ.

ಪದಹುಡುಕಿ (ಮೈಸೂರು)

ಶುಕ್ರವಾರ ರಾತ್ರಿ ವರದಿ. ಕೆಲಸ ಕಳಿಸಿದೆ. ಜೊತೆಗೆ ಒಂದು ಪುಟದ ಪತ್ರ ಬರೆದು, ಎರಡು ಸಾಲು ಬೇರೆ ಬೇರೆಯಾಗಿ ಹಾಕಿ ತೋರಿಸಿದೆ. ಅವರ ‘ಹೊಂದಿಸಿ’ ಒಂದು ಕಡೆ, ನಮ್ಮದು ಒಂದು ಕಡೆ. ಆ ಕಡೆಯ ಮ್ಯಾನೇಜರ್ ಫೋನ್ ಮಾಡಿದರು. ಅವರಿಗೆ ಕನ್ನಡ ಬರಲ್ಲ. ಅವರ ಮನೆ ಕೆಲಸಕ್ಕೆ ಬರುವ ಅಕ್ಕನಿಂದ ಎರಡನ್ನೂ ಓದಿಸಿದರಂತೆ. ಆಕೆ ‘ಪುಡ್ಡಿಂಗನ್ನು ಹೊಂದಿಸಲು ಬಿಡಿ’ ಅನ್ನೋದು ಓದಿ, "ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಸಾರ್" ಅಂದರಂತೆ.

ಕೊನೆಗೆ ನಿಂತದ್ದು ಇಷ್ಟು. ಜಾರ್ ‘ಕೂರಿಸಿ’. ರುಬ್ಬಿದ್ದನ್ನು ‘ತೆಗೆದಿಡಿ’. ಪುಡ್ಡಿಂಗ್ ‘ಗಟ್ಟಿಯಾಗಲು ಬಿಡಿ’. ಸೆಟೆಯಲು ಬಿಡಿ ಅಂತ ಬರೆಯೋ ಆಸೆ ಇತ್ತು, ಧೈರ್ಯ ಬರಲಿಲ್ಲ. 3 ಜಾರ್‌ಗಳ ‘ಸೆಟ್’ ಹಾಗೇ ಇದೆ.

ಟೈಮರ್ ಮಾತ್ರ ‘ಹೊಂದಿಸಿ’. ‘ಇಡಿ’ ಅಂತ ಬರೆದಿದ್ದೆ, ಒಪ್ಪಲಿಲ್ಲ. ಗುಂಡಿಯ ಮೇಲೆ ಆಗಲೇ ಅಚ್ಚು ಹಾಕಿಸಿಬಿಟ್ಟಿದ್ದಾರಂತೆ.

ಮೊಳೆಜೋಡಿ (ಗದಗ)

ಆಫ್‌ಸೆಟ್ಟಲ್ಲೇ ಹಾಕಿಸಿರಬೇಕು.

ಪಡುವಣ ಗಾಳಿ (ಮೂಡುಬಿದಿರೆ)

‘ತೆಗೆದಿಡಿ’ಯಲ್ಲಿ ನನ್ನ ‘ಇಡಿ’ ಉಳಿದಿದೆ. ಅಷ್ಟು ಸಾಕು.

ಬಾಸ್ಟನ್ ಭಟ್ಟ

ಅಕ್ಕಾ, ಯು ಆರ್ ಆಲ್ ಸೆಟ್.

ಗದ್ದೆಗೌಡ (ಮಂಡ್ಯ)

ಇನ್ನೂ ಏನೋ ಬರೀಬೇಕು ಅಂತಿದ್ದೆ. ತ್ರೀಫೇಸ್ ಬಂತು. ಸೆಟ್ಟು ಹಾಕಿ ಬರ್ತೀನಿ, ಇರಿ.